ಸಹಾಯವಾಣಿಗೆ ಕರೆ ತಲುಪುವುದೂ ಸೆಕ್ಯುರಿಟಿಯ ಕೆಲಸವೇ

ಅಮೆರಿಕದ ಒಂದು ಸಣ್ಣ ಸಹಾಯವಾಣಿ ಕೇಂದ್ರದಲ್ಲಿ ಐಟಿ ಕೆಲಸ ನೋಡಿಕೊಳ್ಳುತ್ತೇನೆ. ಇಲ್ಲಿ ಬದುಕು ಸಾಕೆನಿಸಿದವರು 988ಕ್ಕೆ ಕರೆ ಮಾಡುತ್ತಾರೆ. ಈ ಮೂರಂಕಿಯ ನಂಬರ್ ಶುರುವಾದದ್ದು 2022ರ ಜುಲೈ 16ಕ್ಕೆ. ನಂಬರ್ ಒಂದೇ ಆದರೂ ಕರೆ ಎತ್ತುವುದು ದೇಶದ ತುಂಬ ಹರಡಿರುವ ಇನ್ನೂರಕ್ಕೂ ಹೆಚ್ಚು ಸ್ಥಳೀಯ ಕೇಂದ್ರಗಳು.

ಅದೇ ವರ್ಷ ಡಿಸೆಂಬರ್ 1ರಂದು ಹೆಚ್ಚುಕಡಿಮೆ ಇಡೀ ದಿನ 988ರ ಫೋನ್ ಕರೆಗಳು ನಿಂತುಹೋದವು. ಮೆಸೇಜ್ ಮತ್ತು ಚಾಟ್ ಮಾತ್ರ ನಡೆಯುತ್ತಿದ್ದವು. ಕರೆಗಳನ್ನು ಸಾಗಿಸುತ್ತಿದ್ದ ಇಂಟ್ರಾಡೋ ಕಂಪನಿಯ ಮೇಲೆ ಸೈಬರ್ ದಾಳಿ ನಡೆದಿತ್ತು ಎಂದು ಆಮೇಲೆ ಗೊತ್ತಾಯಿತು.

ಸೆಕ್ಯುರಿಟಿ ಅಂದರೆ ಮಾಹಿತಿ ಕಳುವಾಗದಂತೆ ಕಾಯುವುದು ಅಂತ ನಮ್ಮ ಕ್ಷೇತ್ರದಲ್ಲಿ ಜಾಸ್ತಿ ಜನ ಅಂದುಕೊಳ್ಳುತ್ತಾರೆ. ಅದು ಬೇಕೇ ಬೇಕು. ಕರೆ ಮಾಡಿದವರ ಗುಟ್ಟು ಹೊರಬೀಳಬಾರದು. ಆದರೆ ಬ್ಯಾಂಕಿನ ಆ್ಯಪ್ ಕೈಕೊಟ್ಟರೆ ನಾಳೆ ನೋಡಿಕೊಳ್ಳಬಹುದು. ನಮ್ಮ ಲೈನಿಗೆ ಕರೆ ಮಾಡಿದವರಿಗೆ ನಾಳೆಯವರೆಗೆ ಕಾಯಿರಿ ಅನ್ನಲು ಆಗುತ್ತದೆಯೇ?

ಈ ಘಟನೆಯ ನಂತರ ಕ್ಯಾಲಿಫೋರ್ನಿಯಾದ ಇಬ್ಬರು ಸಂಸದರು, ರಿಪಬ್ಲಿಕನ್ ಪಕ್ಷದ ಜೇ ಒಬರ್ನೋಲ್ಟಿ ಮತ್ತು ಡೆಮಾಕ್ರಟಿಕ್ ಪಕ್ಷದ ಟೋನಿ ಕಾರ್ಡೆನಸ್, ಸೇರಿ ಒಂದು ಮಸೂದೆ ತಂದರು. 2024ರ ಮಾರ್ಚ್‌ನಲ್ಲಿ ಕೆಳಮನೆ ಅದನ್ನು ಒಪ್ಪಿತು. ನನಗೆ ಅದರಲ್ಲಿ ಮುಖ್ಯವಾಗಿ ಕಂಡದ್ದು ಒಂದು ಮಾತು. ದಾಳಿ ನಡೆದರೆ ಮಾತ್ರವಲ್ಲ, ವ್ಯವಸ್ಥೆಯಲ್ಲಿ ಎಲ್ಲಾದರೂ ದೋಷ ಕಂಡರೂ ಸ್ಥಳೀಯ ಕೇಂದ್ರ ಅದನ್ನು ಇಡೀ ಜಾಲ ನಡೆಸುವ ಸಂಸ್ಥೆಗೆ ತಿಳಿಸಬೇಕು. ಆ ಸಂಸ್ಥೆ ಸರ್ಕಾರಕ್ಕೆ ತಿಳಿಸಬೇಕು. ಅದೂ ಯಾರ ಖಾಸಗಿ ವಿಷಯವೂ ಬಯಲಾಗದಂತೆ.

ಓದಲು ಇದು ಸುಲಭ. ಆದರೆ ಸಣ್ಣ ಕೇಂದ್ರಗಳಲ್ಲಿ ‘ಮೊದಲು ಖಚಿತವಾಗಲಿ, ಆಮೇಲೆ ಹೇಳೋಣ’ ಅನ್ನುವ ಅಭ್ಯಾಸ ಗಟ್ಟಿಯಾಗಿದೆ. ಹೆಸರು ಕೆಡುತ್ತದೆಂಬ ಭಯ, ಅನುದಾನ ನಿಲ್ಲುತ್ತದೆಂಬ ಭಯ. ಒಂದು ರಾತ್ರಿ ನಮ್ಮ ಶಿಫ್ಟ್ ಮೇಲ್ವಿಚಾರಕಿ ಫೋನ್ ಮಾಡಿ, ಒಬ್ಬ ಸ್ವಯಂಸೇವಕರ ಲಾಗಿನ್ ಬೇರೆ ಊರಿನಿಂದ ಕಾಣುತ್ತಿದೆ ಎಂದರು. ನೋಡಿದರೆ ಅವರು ಮಗಳ ಮನೆಗೆ ಹೋಗಿದ್ದರು, ಅಷ್ಟೇ. ಆದರೂ ಮರುದಿನದ ಮೀಟಿಂಗಿನಲ್ಲಿ ಎಲ್ಲರ ಮುಂದೆ ಮೇಲ್ವಿಚಾರಕಿಗೆ ಥ್ಯಾಂಕ್ಸ್ ಹೇಳಿದೆ. ಅನುಮಾನ ಸುಳ್ಳಾದರೂ ಬೈಯುವವರಿಲ್ಲ ಅಂತ ಗೊತ್ತಾದ ಮೇಲೆ ಉಳಿದವರೂ ಬೇಗ ಬಾಯಿ ಬಿಡತೊಡಗಿದರು. ಯಾವ ಸಾಫ್ಟ್‌ವೇರ್ ಕೊಂಡಾಗಲೂ ನಮಗೆ ಇಷ್ಟು ಲಾಭ ಆಗಿರಲಿಲ್ಲ.

ಭಾರತದಲ್ಲಿ ಸೈಬರ್ ಘಟನೆಗಳನ್ನು ಆರು ಗಂಟೆಯೊಳಗೆ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕೆಂಬ ನಿಯಮ 2022ರಿಂದಲೇ ಇದೆ. ಟೆಲಿ ಮಾನಸ್‌ನಂಥ (14416) ಸಹಾಯವಾಣಿಯ ಐಟಿಯಲ್ಲಿರುವ ಗೆಳೆಯರಿಗೂ ನಾನು ಹೇಳುವುದು ಇಷ್ಟೇ. ಕರೆ ಸಾಗಿಸುವ ಕಂಪನಿ ಕುಸಿದರೆ ಕರೆಗಳು ಯಾವ ದಾರಿಯಲ್ಲಿ ಬರುತ್ತವೆ ಅಂತ ಈಗಲೇ ಕೇಳಿ, ಲೈನ್ ಬದಲಿಸಿ ಪರೀಕ್ಷಿಸಿ. ಇನ್ನು ಕಾನೂನು ಮಾಡುವವರು ಸಣ್ಣ ಕೇಂದ್ರಗಳ ಮೇಲೆ ಹೊಣೆ ಹೊರಿಸುವಾಗ, ಸೆಕ್ಯುರಿಟಿ ಗೊತ್ತಿರುವ ಒಬ್ಬರ ಸಂಬಳಕ್ಕಾದರೂ ದುಡ್ಡು ಕೊಡಲೇಬೇಕು.