ಗೆರೆ ಮತ್ತು ದಿನಗಳ ಲೆಕ್ಕ

ಹೋದ ಭಾನುವಾರ ಯಾದಗಿರಿಯಿಂದ ನನ್ನ ಅಕ್ಕನ ಮಗಳು ಕಲಬುರಗಿಯ ನಮ್ಮ ಮನೆಗೆ ಬಂದಿದ್ದಳು. ಬೀದರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ನೀಟ್ ಪಿ.ಜಿ. ಬರೆದಿರುವ ಅವಳಿಗೆ ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿಯಲ್ಲಿ ರೇಡಿಯೇಷನ್ ಆಂಕಾಲಜಿ, ಅಂದರೆ ಕ್ಯಾನ್ಸರಿನ ವಿಕಿರಣ ಚಿಕಿತ್ಸೆಯ ಸೀಟು ಸಿಗುವ ಸಂಭವವಿದೆ. "ಮಾಮಾ, ಬರೀ ಮಷೀನ್ ಮುಂದ ಕೂಡೋ ಕೆಲಸ ಅಂತಾರ. ತಗೋಳ್ಳೋದೋ ಬ್ಯಾಡೋ?" ಎಂದು ಕೇಳಿದಳು.

ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ನೀಡುವ ವೈದ್ಯರನ್ನು ಎಕ್ಸ್-ರೇ ಡಾಕ್ಟರು ಎಂದು ತಿಳಿದವರು ನಮ್ಮಲ್ಲಿ ಬಹಳ. ರೋಗಿಗಳು ಈ ಚಿಕಿತ್ಸೆಯನ್ನು "ಕರೆಂಟ್ ಕೊಡೋದು" ಎನ್ನುತ್ತಾರೆ. ವಾಸ್ತವದಲ್ಲಿ ಯಂತ್ರ ನಡೆಸುವವರು ತಂತ್ರಜ್ಞರು, ಕಿರಣದ ಲೆಕ್ಕ ಹಾಕುವವರು ವೈದ್ಯಕೀಯ ಭೌತವಿಜ್ಞಾನಿಗಳು. ಕಿರಣ ಎಲ್ಲಿಗೆ, ಎಷ್ಟು, ಎಷ್ಟು ದಿನ ಎಂಬುದನ್ನು ನಿರ್ಧರಿಸಿ ಅದರ ಹೊಣೆ ಹೊರುವವರು ವೈದ್ಯರು. ಎಂ.ಬಿ.ಬಿ.ಎಸ್. ನಂತರದ ಮೂರು ವರ್ಷದ ಎಂ.ಡಿ. ತರಬೇತಿ ಇರುವುದು ಆ ನಿರ್ಧಾರ ಕಲಿಯುವುದಕ್ಕೆ.

ಮಾತಿನಲ್ಲಿ ಹೇಳಿದರೆ ತಿಳಿಯದೆಂದು ಮರುದಿನ ಅವಳನ್ನು ನಾನು ವೈದ್ಯನಾಗಿರುವ ವಿಕಿರಣ ಚಿಕಿತ್ಸಾ ವಿಭಾಗಕ್ಕೆ ಕರೆದುಕೊಂಡು ಹೋಗಿ, ಹೆಸರು ಮರೆಮಾಡಿದ ಒಂದು ಗಂಟಲು ಕ್ಯಾನ್ಸರಿನ ಸಿ.ಟಿ. ತೆರೆದು ತೋರಿಸಿದೆ. ತಲೆಬುರುಡೆಯ ತಳದಿಂದ ಕೊರಳೆಲುಬಿನ ಕೆಳಗಿನವರೆಗೆ ಮೂರು ಮಿಲಿಮೀಟರಿಗೊಂದರಂತೆ ಹತ್ತಿರ ಹತ್ತಿರ ನೂರು ಚಿತ್ರಗಳು. ಪ್ರತಿಯೊಂದರ ಮೇಲೂ ಗೆರೆ ಎಳೆಯಬೇಕು. ಕಣ್ಣಿಗೆ ಕಾಣುವ ಗಡ್ಡೆಗೆ ಒಂದು ಗೆರೆ, ಕಾಣದೆ ಹರಡಿರಬಹುದಾದ ಜಾಗಕ್ಕೆ ಇನ್ನೊಂದು, ರೋಗಿ ಮಲಗುವಾಗ ಆಗುವ ಸಣ್ಣ ಏರುಪೇರಿಗಾಗಿ ಅದರ ಸುತ್ತ ಮತ್ತೊಂದು. ಗಡ್ಡೆಗೆ 70 ಗ್ರೇ (ದೇಹ ಹೀರಿಕೊಳ್ಳುವ ವಿಕಿರಣದ ಅಳತೆ) ತಲುಪಬೇಕು. ಒಂದೆರಡು ಅಂಗುಲ ಹಿಂದೆಯೇ ಇರುವ ಬೆನ್ನುಹುರಿಗೆ 45 ಗ್ರೇ ಮೀರಬಾರದು. ಕಿವಿಯ ಕೆಳಗಿನ ಲಾಲಾರಸದ ಗ್ರಂಥಿಗೆ ಸರಾಸರಿ 26 ಗ್ರೇ ಒಳಗಿದ್ದರೆ ಮುಂದೆ ಆ ಮನುಷ್ಯ ನೀರು ಕುಡಿಯದೆಯೂ ರೊಟ್ಟಿ ನುಂಗಬಲ್ಲ. ಮೊದಲ ವರ್ಷದಲ್ಲಿ ನಾನು ಒಂದು ಬದಿಯ ಗ್ರಂಥಿಯನ್ನು ಪಕ್ಕದ ಸ್ನಾಯುವಿನೊಂದಿಗೆ ಸೇರಿಸಿ ಗೆರೆ ಎಳೆದಿದ್ದೆ. ನಮ್ಮ ಗುರುಗಳು ಬೈಯಲಿಲ್ಲ. ಎಲ್ಲವನ್ನೂ ಅಳಿಸಿ, ಪಕ್ಕದಲ್ಲಿ ಕುಳಿತು, ರಾತ್ರಿ ಒಂಬತ್ತರವರೆಗೆ ನನ್ನಿಂದಲೇ ಮತ್ತೆ ಎಳೆಸಿದರು. ಇಂದು ಯಾವ ಚಿತ್ರದಲ್ಲಿ ಆ ಗ್ರಂಥಿ ಕಂಡರೂ ನನ್ನ ಕೈ ತಾನಾಗಿಯೇ ನಿಧಾನವಾಗುತ್ತದೆ.

ಭೌತಶಾಸ್ತ್ರಕ್ಕೆ ಹೆದರುವವರಿಗೆ ನಾನು ಹೇಳುವುದು ಇಷ್ಟೇ: ಅದು ಪರೀಕ್ಷೆಗಾಗಿ ಓದುವ ವಿಷಯವಲ್ಲ. ಕೆಲವು ಯಂತ್ರಗಳಲ್ಲಿ ಕಿರಣ ಸೂಸುವ ಕೋಬಾಲ್ಟ್-60ರ ಅರ್ಧಾಯುಷ್ಯ (ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ) 5.27 ವರ್ಷ, ಅಂದರೆ ಅದರ ಶಕ್ತಿ ತಿಂಗಳಿಗೆ ಶೇ. 1ಕ್ಕಿಂತ ತುಸು ಹೆಚ್ಚೇ ಕುಂದುತ್ತದೆ. ಅದೇ ಪ್ರಮಾಣ ಕೊಡಲು ರೋಗಿಯನ್ನು ಅಷ್ಟು ಹೆಚ್ಚು ಹೊತ್ತು ಮಲಗಿಸಬೇಕು. ಈ ಲೆಕ್ಕ ತಪ್ಪಿದರೆ ಕಡಿಮೆ ಕಿರಣ ಹೋದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಆದರೆ ಪುಸ್ತಕದಲ್ಲಿ ಓದಿಯೂ ನನಗೆ ಅರ್ಥವಾಗದೆ ಉಳಿದಿದ್ದು, ಇಲ್ಲಿಗೆ ಬಂದ ಮೇಲೆ ಅರ್ಥವಾದದ್ದು ದಿನಗಳ ಲೆಕ್ಕ. ಗಂಟಲಿನ ಚಿಕಿತ್ಸೆ ದಿನಕ್ಕೆ 2 ಗ್ರೇಯಂತೆ, ವಾರಕ್ಕೆ ಐದು ದಿನ, ಒಟ್ಟು 35 ಸಲ, ಏಳು ವಾರ. ಸುಮಾರು ನಾಲ್ಕನೇ ವಾರದ ಹೊತ್ತಿಗೆ ಉಳಿದ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ವೇಗವಾಗಿ ಹೆಚ್ಚತೊಡಗುತ್ತವೆ. ಆಮೇಲೆ ಚಿಕಿತ್ಸೆ ಒಂದೊಂದು ದಿನ ತಡವಾದಂತೆಲ್ಲ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ. 1ರಷ್ಟು ಇಳಿಯುತ್ತದೆ. ಶಹಾಪುರ ಕಡೆಯ ಒಬ್ಬ ರೈತರು 19ನೇ ದಿನ ಕೈಮುಗಿದು "ತೊಗರಿ ರಾಶಿ ಮುಗಿಸಿ ಬರ್ತೀನ್ರೀ ಸಾಹೇಬ್ರ, ಆಳು ಸಿಗಂಗಿಲ್ಲ" ಎಂದು ಹೋದವರು ಒಂಬತ್ತು ದಿನ ಬರಲಿಲ್ಲ. ಅವರನ್ನು ಅವಿದ್ಯಾವಂತರು, ಅಲಕ್ಷ್ಯದವರು ಎಂದು ಕಡತದಲ್ಲಿ ಬರೆಯುವುದು ಸುಲಭ. ಮೊದಲ ದಿನವೇ ಅವರ ಹೊಲದಲ್ಲಿ ಏನಿದೆ, ಅದು ಯಾವಾಗ ಕಟಾವಿಗೆ ಬರುತ್ತದೆ ಎಂದು ಕೇಳದೆ ಇದ್ದದ್ದು ನನ್ನ ತಪ್ಪು. ಮರಳಿ ಬಂದ ಮೇಲೆ ಶನಿವಾರಗಳನ್ನು ಸೇರಿಸಿ, ಕೆಲವು ದಿನ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಕಿರಣ ಕೊಟ್ಟು, ಕಳೆದ ದಿನಗಳಲ್ಲಿ ಸಾಧ್ಯವಾದಷ್ಟನ್ನು ತುಂಬಿಕೊಂಡೆವು.

ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬ ನಿಯಮ ಈಗ ಇದೆ. ವಿಕಿರಣ ಯಂತ್ರವಿಲ್ಲದ ಕಡೆ ನಮ್ಮ ವಿದ್ಯಾರ್ಥಿಗಳು ಹೋಗಿ ಏನು ಕಲಿಯುತ್ತಾರೆ ಎಂದು ಅನೇಕರು ಕೇಳುತ್ತಾರೆ. ಯಂತ್ರದವರೆಗೆ ಬಂದು ತಲುಪದ ರೋಗಿಗಳು ಕಾಣಸಿಗುವುದು ಅಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಗುಟ್ಕಾದಿಂದ ಬಾಯಿ ತೆರೆಯಲಾಗದ ಹುಡುಗ, ಬಿಳುಪು ಹೋಗುವುದನ್ನು ವರ್ಷಗಟ್ಟಲೆ ಮುಚ್ಚಿಟ್ಟುಕೊಂಡ ತಾಯಿ ಮೊದಲು ಬರುವುದು ಆ ಹೊರರೋಗಿ ವಿಭಾಗಕ್ಕೆ.

ಇದನ್ನೆಲ್ಲ ಕೇಳಿದ ಅಕ್ಕನ ಮಗಳು ಸೀಟಿನ ಮಾತು ಎತ್ತಲಿಲ್ಲ. ಗೋಡೆಗೆ ಅಂಟಿಸಿದ್ದ ಆ ದಿನದ ಸಮಯಪಟ್ಟಿಯನ್ನು ನೋಡುತ್ತಾ ನಿಂತಿದ್ದಳು. ಕೆಲವು ಹೆಸರುಗಳ ಮುಂದೆ ಪೆನ್ಸಿಲ್ಲಿನಲ್ಲಿ "ಜೇವರ್ಗಿ ಬಸ್", "ಸೇಡಂ ಬಸ್" ಎಂದು ಬರೆದಿತ್ತು. ಅದು ಏಕೆಂದು ಕೇಳಿದಳು. ಬಸ್ಸು ಬರುವ ಹೊತ್ತಿಗೆ ಯಂತ್ರ ಖಾಲಿ ಇರಲೆಂದು, ಎಂದೆ.