ಇನ್ವೈಟ್ ನಾಳೆ ರಾತ್ರಿಯವರೆಗೆ

ನವೆಂಬರ್ 17, 2025. ಸೋಮವಾರ. ರಾತ್ರಿ 11.30.

ತನ್ನ ಖಾಸಗಿ ಟೊರೆಂಟ್ ಗುಂಪಿಗೆ ಸೇರು ಅಂತ ಅಕ್ಕ ಕಳಿಸಿದ ಇನ್ವೈಟ್ ಇನ್ನೂ ಇನ್‌ಬಾಕ್ಸ್‌ನಲ್ಲಿ ಹಾಗೇ ಇದೆ. ಸದಸ್ಯರು ತಮ್ಮ ತಮ್ಮ ಕಂಪ್ಯೂಟರ್‌ನಿಂದಲೇ ಒಬ್ಬರಿಗೊಬ್ಬರು ಫೈಲ್ ಹಂಚಿಕೊಳ್ಳುವ ಗುಂಪು ಅದು. ಇನ್ವೈಟ್ ಶನಿವಾರ ರಾತ್ರಿ ಬಂದಿದ್ದು. ಮೂರು ದಿನದೊಳಗೆ ಒತ್ತದಿದ್ದರೆ ಆ ಲಿಂಕ್ ಕೆಲಸಕ್ಕೆ ಬರಲ್ಲ. ತೆರೆಯುತ್ತೇನೆ, ನೋಡುತ್ತೇನೆ, ಮತ್ತೆ ಮುಚ್ಚುತ್ತೇನೆ. ಎರಡು ದಿನದಿಂದ ಇದೇ ಆಗಿದೆ.

ಎಲ್ಲ ಶುರುವಾಗಿದ್ದು ಅಪ್ಪ ಇಟ್ಟುಕೊಂಡಿದ್ದ ಒಂದು ಪಿಟೀಲು ಕ್ಯಾಸೆಟ್‌ನಿಂದ. ನುಡಿಸಿದ್ದು ಬೇರೆಯವರು. ಎ ಸೈಡ್ ಚೆನ್ನಾಗಿದೆ. ಬಿ ಸೈಡ್ ಶುರುವಾಗಿ ನಾಲ್ಕು ನಿಮಿಷಕ್ಕೆ ಪಿಟೀಲು ನಿಂತುಹೋಗುತ್ತದೆ, ಮುಂದೆಲ್ಲ ಯಾರೋ ಅದರ ಮೇಲೆ ಬೇರೆ ಏನೋ ರೆಕಾರ್ಡ್ ಮಾಡಿಬಿಟ್ಟಿದ್ದಾರೆ. ಹಾಡಿನ ಯಾವ ಆ್ಯಪ್‌ನಲ್ಲೂ ಅದಿಲ್ಲ. ಹೊರತಂದ ಕಂಪನಿ ಮುಚ್ಚಿ ಎಷ್ಟೋ ವರ್ಷ ಆಯ್ತು. ಹುಡುಕಿ ಹುಡುಕಿ ಸಾಕಾಗಿ ಅಕ್ಕನ ಹತ್ತಿರ ಹೇಳಿಕೊಂಡೆ. ಅವಳು ತನ್ನ ಟೊರೆಂಟ್ ಗುಂಪಿನಲ್ಲಿ ಹುಡುಕಿ ನೋಡಿದಳು. ಅಲ್ಲೂ ಇಲ್ಲ. 'ಆದ್ರೆ ರಿಕ್ವೆಸ್ಟ್ ಹಾಕಬಹುದು ಕಣೋ. ಯಾರದೋ ಮನೆಯ ಪೆಟ್ಟಿಗೆಯಲ್ಲಿ ಇದ್ದೇ ಇರುತ್ತೆ. ಒಂದು ತಿಂಗಳಿಗೂ ಬರಬಹುದು, ಐದು ವರ್ಷಕ್ಕೂ ಬರಬಹುದು. ಕಾಯೋದು ನೀನು ತಾನೇ? ನೀನೇ ಬಾ' ಅಂದಳು. ಬಾ ಅಂದಿದ್ದು ಅಷ್ಟೇ ಅಲ್ಲ, ತನ್ನ ಹತ್ತಿರ ಉಳಿದಿದ್ದ ಒಂದೇ ಒಂದು ಇನ್ವೈಟನ್ನು ನನಗೆ ಕಳಿಸಿಬಿಟ್ಟಳು.

ಇವತ್ತು ಕೆಲಸದ ದಿನ ಹೇಗೆ ಕಳೆಯಿತೋ ಗೊತ್ತಿಲ್ಲ. ರಾತ್ರಿ ಅವಳಿಗೆ ಫೋನ್ ಮಾಡಿದೆ. ಬೇಡ ಅಂತ ಹೇಳೋಣ ಅಂತಲೇ ಮಾಡಿದ್ದು.

ಫೋನ್ ಎತ್ತಿದವಳೇ ಕೇಳಿದಳು, 'ಇವತ್ತು ಯಾವ ದಿನ ಗೊತ್ತಾ?'

ನನಗೆ ಹೊಳೆಯಲಿಲ್ಲ.

'ವಾಟ್.ಸಿಡಿ ಹೋದ ದಿನ. ಒಂಬತ್ತು ವರ್ಷ ಆಯ್ತು.'

ವಾಟ್.ಸಿಡಿ ಅಂದ್ರೆ ಇಂಥದ್ದೇ ಒಂದು ಸಂಗೀತದ ಟೊರೆಂಟ್ ಗುಂಪು. ಅದು ಮುಚ್ಚಿದ್ದು 2016ರ ನವೆಂಬರ್ 17. ಫ್ರಾನ್ಸ್‌ನ ಪೊಲೀಸರು ಸರ್ವರ್‌ಗಳನ್ನು ವಶಕ್ಕೆ ತೆಗೆದುಕೊಂಡರು. ನಡೆಸುತ್ತಿದ್ದವರು ಸದಸ್ಯರ ಮಾಹಿತಿಯನ್ನೆಲ್ಲ ಅಳಿಸಿ, ಮುಚ್ಚಿದ್ದೇವೆ ಅಂತ ಹೇಳಿ ಹೊರಟುಹೋದರು. ಅದು ಹುಟ್ಟಿದ್ದೂ ಹೀಗೇ ಇನ್ನೊಂದು ಮುಚ್ಚಿದಾಗ. 2007ರ ಅಕ್ಟೋಬರ್ 23ರಂದು ಆಯಿಂಕ್ ಅನ್ನೋ ಸಂಗೀತದ ಟ್ರ್ಯಾಕರ್ (ಯಾವ ಫೈಲ್ ಯಾರ ಹತ್ತಿರ ಇದೆ ಅಂತ ತಿಳಿಸುವ ಸರ್ವರ್) ಮೇಲೆ ದಾಳಿ ಆಯ್ತು. ಅದಾದ ಕೆಲವೇ ದಿನಗಳಲ್ಲಿ ವಾಟ್.ಸಿಡಿ ಶುರುವಾಯ್ತು. ಆಯಿಂಕ್ ನಡೆಸುತ್ತಿದ್ದವನ ಮೇಲಿನ ಕೇಸು ಬ್ರಿಟನ್ ಕೋರ್ಟ್‌ನಲ್ಲಿ 2010ರವರೆಗೂ ನಡೆದು, ಕೊನೆಗೆ ಅವನು ನಿರ್ದೋಷಿ ಅಂತ ಆಯ್ತು. ಅಷ್ಟು ಹೊತ್ತಿಗೆ ಆಯಿಂಕ್ ಮುಚ್ಚಿ ಎರಡು ವರ್ಷ ದಾಟಿತ್ತು.

ಅಕ್ಕ ವಾಟ್.ಸಿಡಿಯಲ್ಲಿದ್ದಳು. ಅಲ್ಲಿಗೆ ಅವಳಿಗೆ ಇನ್ವೈಟ್ ಕೊಡೋರು ಯಾರೂ ಇರಲಿಲ್ಲ. ಹಾಗಾಗಿ ಸಂದರ್ಶನ ಕೊಟ್ಟು ಸೇರಿದಳು. ಹೌದು, ಸಂದರ್ಶನವೇ, ಚಾಟ್‌ನಲ್ಲಿ. ಎಂಪಿ3 ಅಂದ್ರೇನು, ಫ್ಲ್ಯಾಕ್ ಅಂದ್ರೇನು, ಒಂದರಿಂದ ಇನ್ನೊಂದಕ್ಕೆ ಬದಲಿಸಿದರೆ ಏನು ಕಳೆದುಹೋಗುತ್ತದೆ ಅಂತೆಲ್ಲ ಕೇಳುತ್ತಿದ್ದರು. ಎಂಪಿ3 ಧ್ವನಿಯ ಒಂದಷ್ಟು ಭಾಗ ಬಿಟ್ಟು ಫೈಲ್ ಚಿಕ್ಕದು ಮಾಡುತ್ತದೆ, ಫ್ಲ್ಯಾಕ್ ಏನನ್ನೂ ಬಿಡಲ್ಲ. ಅವಳು ವಾರಗಟ್ಟಲೆ ಓದಿಕೊಂಡಿದ್ದಳು. 'ಡಿಗ್ರಿ ಪರೀಕ್ಷೆಗೂ ಅಷ್ಟು ಓದಿರಲಿಲ್ಲ' ಅಂದಳು.

ಮಾತಿನ ಮಧ್ಯೆ ಎರಡು ಚಿತ್ರ ಕಳಿಸಿದಳು. ಒಂದೇ ಹಾಡಿನ ಎರಡು ಫೈಲ್. ಎರಡರ ಹೆಸರಲ್ಲೂ ಫ್ಲ್ಯಾಕ್ ಅಂತಲೇ ಇದೆ. ಧ್ವನಿಯನ್ನು ಬಣ್ಣದಲ್ಲಿ ತೋರಿಸುವ ಚಿತ್ರ ಅದು. ಎಡದಿಂದ ಬಲಕ್ಕೆ ಸಮಯ, ಕೆಳಗಿನಿಂದ ಮೇಲಕ್ಕೆ ಸ್ವರದ ಎತ್ತರ. ಮೊದಲನೆಯದರಲ್ಲಿ ಕೆಳಗೆ ಹಳದಿ, ನಡುವೆ ಕೆಂಪು, ಮೇಲೆ ಹೋದ ಹಾಗೆ ನೇರಳೆ ತೆಳುವಾಗುತ್ತಾ 22 ಕಿಲೋಹರ್ಟ್ಸ್‌ವರೆಗೂ ಹೊಗೆಯ ಹಾಗೆ ಹಬ್ಬಿದೆ. ಎರಡನೆಯದರಲ್ಲಿ 16 ಕಿಲೋಹರ್ಟ್ಸ್ ಹತ್ತಿರ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿದೆ. ಅದರ ಮೇಲೆ ಬರೀ ಕಪ್ಪು. ಯಾರೋ 128 ಕೆಬಿಪಿಎಸ್‌ನ, ಅಂದರೆ ಕಡಿಮೆ ಗುಣಮಟ್ಟದ ಎಂಪಿ3 ತಂದು ಫ್ಲ್ಯಾಕ್ ಡಬ್ಬಿಯಲ್ಲಿ ತುಂಬಿ ಕೊಟ್ಟಿದ್ದಾರೆ. ಫೈಲ್ ದೊಡ್ಡದಾಗಿದೆ, ಕಳೆದುಹೋದ ಧ್ವನಿ ವಾಪಸ್ ಬಂದಿಲ್ಲ. ಸುಮ್ನೆ ಕೇಳಿದರೆ ನನ್ನ ಕಿವಿಗೆ ಗೊತ್ತೇ ಆಗುತ್ತಿರಲಿಲ್ಲ. ಅಕ್ಕನ ಗುಂಪಿನಲ್ಲಿ ಇಂಥದ್ದು ಸಿಕ್ಕರೆ ತೆಗೆದುಹಾಕುತ್ತಾರೆ, ಹಾಕಿದವರಿಗೆ ಎಚ್ಚರಿಕೆ ಕೊಡುತ್ತಾರೆ.

ಈ ಶ್ರದ್ಧೆ ನನಗೆ ನಿಜವಾಗಿ ಇಷ್ಟ ಆಯ್ತು. ಬೇಡ ಅನ್ನೋಕೆ ಫೋನ್ ಮಾಡಿದವನು ಅರ್ಧ ಗಂಟೆ ಆ ಎರಡು ಚಿತ್ರ ನೋಡುತ್ತಾ ಕೂತೆ.

ಆದರೆ ಹಳೆಯ ನೋವು ಇದೆಯಲ್ಲ. ಆರು ವರ್ಷದ ಹಿಂದೆ ಹೀಗೇ ಒಂದು ಗುಂಪಿಗೆ ಸೇರಿದ್ದೆ. ಯಾವುದು ಅಂತ ಬರೆಯಲ್ಲ. ಸೇರಿದ ದಿನವೇ ಆಸೆಪಟ್ಟು 20 ಜಿಬಿ ಇಳಿಸಿಕೊಂಡೆ. ಇಳಿಸಿದಷ್ಟನ್ನು ಬೇರೆಯವರಿಗೆ ಏರಿಸಬೇಕು ಅನ್ನೋದು ಗೊತ್ತಿತ್ತು. ಕಂಪ್ಯೂಟರ್ ರಾತ್ರಿ ಹಗಲು ಆನ್ ಇಟ್ಟೆ. ಯಾರೂ ಬರಲಿಲ್ಲ. ವಾರ ಕಳೆದರೂ ರೇಶಿಯೋ, ಅಂದರೆ ಏರಿಸಿದ್ದನ್ನು ಇಳಿಸಿದ್ದರಿಂದ ಭಾಗಿಸಿದ ಅಂಕಿ, 0.1 ದಾಟಲಿಲ್ಲ. ಹೆಸರಿನ ಪಕ್ಕ ಕೆಂಪು ಅಂಕಿ. ಆಮೇಲೆ ಎಚ್ಚರಿಕೆ, ಆಮೇಲೆ ಖಾತೆ ಬಂದ್. ನಾನು ಕದ್ದು ಓಡಿಹೋದವನ ಹಾಗೆ ಆಯ್ತು. ಕೊಡಬೇಕು ಅಂತ ಕೂತಿದ್ದೆ, ತಗೊಳ್ಳೋರೇ ಇರಲಿಲ್ಲ.

ಇದನ್ನು ಅಕ್ಕನಿಗೆ ಇವತ್ತೇ ಮೊದಲ ಸಲ ಹೇಳಿದ್ದು. ಅವಳು ಬೈಯಲಿಲ್ಲ.

'ಲೆಕ್ಕ ಹಾಕಿ ನೋಡು' ಅಂದಳು. 'ಒಬ್ಬರು ಏರಿಸಿದ್ದೇ ಇನ್ನೊಬ್ಬರು ಇಳಿಸಿದ್ದು. ಎಲ್ಲರದ್ದೂ ಕೂಡಿಸಿದರೆ ಸರಿಸಮ. ಒಬ್ಬರ ರೇಶಿಯೋ 5 ಇದೆ ಅಂದ್ರೆ ಅದಕ್ಕೆ ಬೇರೆ ಯಾರೋ 1ಕ್ಕಿಂತ ಕೆಳಗೆ ಇರಲೇಬೇಕು. ಹೊಸಬರು ಆ ಕೆಳಗಿನವರಾಗಿರ್ತಾರೆ.'

ಇಷ್ಟು ವರ್ಷ ನನಗೆ ಇದು ಹೊಳೆದೇ ಇರಲಿಲ್ಲ. ಹೊಸ ಫೈಲ್ ಬಂದ ಮೊದಲ ಹೊತ್ತಿನಲ್ಲೇ ಬಹಳಷ್ಟು ಹಂಚಿಕೆ ಮುಗಿದಿರುತ್ತದೆ. ಬಾಡಿಗೆಗೆ ಸೀಡ್‌ಬಾಕ್ಸ್, ಅಂದರೆ ವೇಗದ ನೆಟ್ ಇರುವ ದೂರದ ಸರ್ವರ್, ತಗೊಂಡವರ ಯಂತ್ರಗಳು ಅಷ್ಟರಲ್ಲಿ ಅದನ್ನು ತಾವೇ ಎಳೆದುಕೊಂಡು ತಾವೇ ಕೊಟ್ಟಿರುತ್ತವೆ. ಮನೆಯ ಸಂಪರ್ಕದಿಂದ ನಾವು ಏರಿಸಲು ಹೋಗುವಷ್ಟರಲ್ಲಿ ಸಂತೆ ಮುಗಿದಿರುತ್ತದೆ. ಅದಕ್ಕೇ ಗುಂಪುಗಳು ಫ್ರೀಲೀಚ್ ಅಂತ ಇಟ್ಟಿರುತ್ತವೆ, ಅಂದರೆ ಕೆಲವು ಫೈಲ್ ಇಳಿಸಿದ್ದು ಲೆಕ್ಕಕ್ಕೆ ಬರಲ್ಲ, ಏರಿಸಿದ್ದು ಮಾತ್ರ ಬರುತ್ತದೆ. ಕೆಲವು ಕಡೆ ಯಾರೂ ಇಳಿಸದಿದ್ದರೂ ಸೀಡ್ ಮಾಡಿದ, ಅಂದರೆ ಪೂರ್ತಿ ಫೈಲನ್ನು ಬೇರೆಯವರಿಗೆ ಸಿಗುವ ಹಾಗೆ ತೆರೆದಿಟ್ಟ, ಗಂಟೆಗಳಿಗೆ ಪಾಯಿಂಟ್ ಕೊಡುತ್ತಾರೆ. ನಾನು ಸೇರಿದ್ದ ಕಡೆಯೂ ಫ್ರೀಲೀಚ್ ಇತ್ತು. ನಿಯಮದ ಪುಟವನ್ನು ಪೂರ್ತಿ ಓದಿರಲಿಲ್ಲ. ಅದು ನನ್ನದೇ ತಪ್ಪು.

ಇನ್ನೊಂದು ಕಾರಣ ನೆಟ್. ಮನೆಯ ಸಂಪರ್ಕ ಕೊಟ್ಟ ಕಂಪನಿ ಒಂದೇ ಐಪಿ ವಿಳಾಸವನ್ನು ಎಷ್ಟೋ ಮನೆಗಳಿಗೆ ಹಂಚುತ್ತಿತ್ತು. ಹೊರಗಿನಿಂದ ಯಾರಾದರೂ ನನ್ನ ಕಂಪ್ಯೂಟರ್ ಬಾಗಿಲು ತಟ್ಟಿದರೆ ಆ ಸದ್ದು ನನ್ನವರೆಗೆ ಬರುತ್ತಲೇ ಇರಲಿಲ್ಲ. ನಾನಾಗಿ ಹೋಗಿ ಬೇರೆಯವರ ಬಾಗಿಲು ತಟ್ಟಬಹುದಿತ್ತು, ಅಷ್ಟೇ. ಎದುರಿನವರದ್ದೂ ಇದೇ ಸ್ಥಿತಿ ಆದರೆ ಮುಗಿಯಿತು. ಇಬ್ಬರ ಹತ್ತಿರವೂ ಇದೆ, ಇಬ್ಬರಿಗೂ ಬೇಕು, ಒಬ್ಬರಿಗೊಬ್ಬರು ಸಿಗಲ್ಲ.

ಬೆನ್ನು ನೋಯುತ್ತಿದೆ. ಸ್ವಲ್ಪ ಹೊತ್ತು ಮಲಗಿದ್ದೆ, ನಿದ್ದೆ ಬರಲಿಲ್ಲ. ಮತ್ತೆ ಎದ್ದು ಬರೆಯುತ್ತಿದ್ದೇನೆ.

ಅಕ್ಕನನ್ನು ನೇರವಾಗಿ ಕೇಳಿದೆ. 'ಇಷ್ಟೆಲ್ಲ ಕಷ್ಟಪಟ್ಟು ನಿನಗೆ ಏನು ಸಿಕ್ಕಿದೆ? ನಿಜ ಹೇಳು.'

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ತನ್ನ ಕೋಣೆಯ ಮೂಲೆಯಲ್ಲಿರುವ ಸಣ್ಣ ಕಂಪ್ಯೂಟರ್ ವಿಷಯ ಹೇಳಿದಳು. ಅದರಲ್ಲಿ ಒಂದು ಹಳೆಯ ಆಲ್ಬಂ ಇದೆ. ನಾಲ್ಕು ವರ್ಷದಿಂದ ಅದಕ್ಕೆ ಅವಳೊಬ್ಬಳೇ ಸೀಡರ್. ಅವಳು ಯಂತ್ರ ಆರಿಸಿದರೆ ಆ ಗುಂಪಿನಲ್ಲಿ ಆ ಆಲ್ಬಂ ಇಲ್ಲ. ನಾಲ್ಕು ವರ್ಷ ಯಾರೂ ಕೇಳಲಿಲ್ಲ. ಕಳೆದ ತಿಂಗಳು ಒಂದು ರಾತ್ರಿ ಹಸಿರು ದೀಪ ಮಿಣಮಿಣ ಅನ್ನತೊಡಗಿತು. ಯಾರೋ ತಗೊಳ್ಳುತ್ತಿದ್ದಾರೆ. ತುಂಬಾ ನಿಧಾನದ ಸಂಪರ್ಕ, ಆಗಾಗ ಕಡಿದುಹೋಗುತ್ತಿತ್ತು. ಮೂರು ದಿನ ಹಿಡಿಯಿತು. ಮೂರನೆಯ ದಿನ ಶೇಕಡಾ 97ಕ್ಕೆ ಬಂದು ನಿಂತಾಗ ಅವಳು ಮಲಗಲಿಲ್ಲ.

'ಯಾರು ಅಂತ ಗೊತ್ತಾಯ್ತಾ?'

'ಇಲ್ಲ. ಆದ್ರೆ ಈಗ ಇಬ್ಬರು ಸೀಡರ್ ಇದ್ದೀವಿ ಕಣೋ.'

ಅದನ್ನು ಹೇಳುವಾಗ ಅವಳ ದನಿ ಬೇರೆ ಆಗಿತ್ತು.

ಎಲ್ಲರಿಗೂ ತೆರೆದಿರುವ ಟೊರೆಂಟ್‌ಗಳಲ್ಲಿ ಹೀಗಾಗೋದು ಕಡಿಮೆ. ಹೊಸದು ಬಂದ ವಾರ ಸಾವಿರ ಜನ, ಆರು ತಿಂಗಳಿಗೆ ಯಾರೂ ಇಲ್ಲ. ಇಳಿಸಿಕೊಂಡವರು ಅವತ್ತೇ ಹೊರಟುಹೋಗುತ್ತಾರೆ. ಬ್ರಾಮ್ ಕೋಹೆನ್ 2001ರಲ್ಲಿ ಬಿಟ್‌ಟೊರೆಂಟ್ ಮಾಡಿದಾಗ ತಗೊಳ್ಳುತ್ತಿರುವಾಗಲೇ ಕೊಡುವ ಏರ್ಪಾಡು ಅದರೊಳಗೇ ಇತ್ತು. ತಗೊಂಡ ಮೇಲೂ ಉಳಿದು ಕೊಡುತ್ತಿರಬೇಕು ಅನ್ನೋದನ್ನು ಆ ವ್ಯವಸ್ಥೆ ಒತ್ತಾಯ ಮಾಡಲ್ಲ. ಖಾಸಗಿ ಗುಂಪುಗಳ ರೇಶಿಯೋ, ಇಷ್ಟು ದಿನ ಸೀಡ್ ಮಾಡಲೇಬೇಕು ಅನ್ನೋ ನಿಯಮ, ಎಲ್ಲ ಆ ಜಾಗ ತುಂಬೋಕೆ ಬಂದಿದ್ದು. ಕಿರಿಕಿರಿ ಜಾಸ್ತಿ, ಆದರೆ ಅದರಿಂದಲೇ ಹಳೆಯದು ಉಳಿದಿದೆ.

ಹಾಗೆ ಉಳಿದದ್ದೂ ಒಂದೇ ದಿನದಲ್ಲಿ ಹೋಗಬಹುದು ಅನ್ನೋದು ನನ್ನ ಭಯ. ಖಾಸಗಿ ಟೊರೆಂಟ್ ಫೈಲ್ ಒಳಗೆ ಒಂದು ಗುರುತು ಇರುತ್ತದೆ. ಅದಿದ್ದರೆ ಟ್ರ್ಯಾಕರ್ ಬಿಟ್ಟು ಬೇರೆ ದಾರಿಯಿಂದ ಜನರನ್ನು ಹುಡುಕಬಾರದು ಅಂತ ಪ್ರೋಗ್ರಾಂಗೆ ಆಜ್ಞೆ. ಹೊರಗಿನವರು ನುಸುಳದೇ ಇರಲಿ ಅಂತ ಹಾಕಿದ್ದು. ಟ್ರ್ಯಾಕರ್ ಹೋದ ದಿನ ಒಳಗಿನವರೂ ಒಬ್ಬರಿಗೊಬ್ಬರು ಕಾಣಲ್ಲ. 'ವಾಟ್.ಸಿಡಿ ಹೋದಾಗ ಫೈಲ್‌ಗಳೆಲ್ಲ ನಮ್ಮ ಮನೆಗಳಲ್ಲೇ ಇದ್ವು' ಅಂದಳು ಅಕ್ಕ. 'ಯಾರ ಮನೆಯಲ್ಲಿ ಏನಿದೆ ಅಂತ ಹೇಳೋರು ಹೋದ್ರು.' ಯಾವ ಆಲ್ಬಂನ ಯಾವ ಮುದ್ರಣ, ಯಾವ ವರ್ಷದ್ದು ಅಂತ ಜನ ಒಂಬತ್ತು ವರ್ಷ ಕೂತು ಬರೆದಿಟ್ಟ ಪಟ್ಟಿ. ಅದು ಹೋಯಿತಲ್ಲ ಅನ್ನೋದು ಅವಳಿಗೆ ಇವತ್ತಿಗೂ ಸಂಕಟ. ಕೆಲವೇ ವಾರಗಳಲ್ಲಿ ಬೇರೆ ಗುಂಪುಗಳು ಹುಟ್ಟಿದವು, ಜನ ಮತ್ತೆ ಮೊದಲಿನಿಂದ ಏರಿಸಿದರು. ಅವಳೂ ಏರಿಸಿದಳು.

ಇನ್ನೊಂದು ಮಾತನ್ನು ನುಂಗಿಕೊಳ್ಳಲು ಆಗಲಿಲ್ಲ. ಕೇಳಿಯೇಬಿಟ್ಟೆ. 'ಅಕ್ಕಾ, ಇದು ಸರಿನಾ? ಪಿಟೀಲು ನುಡಿಸಿದವರ ಮಕ್ಕಳು ಎಲ್ಲೋ ಇರ್ತಾರೆ ಅಲ್ವಾ?' ಕಂಪನಿ ಮುಚ್ಚಿತು ಅಂದ ಮಾತ್ರಕ್ಕೆ ಹಕ್ಕು ಮುಚ್ಚಿಹೋಗಲ್ಲ. ಟೊರೆಂಟ್‌ನಲ್ಲಿ ಇಳಿಸೋದು ಅಂದರೆ ಹಂಚೋದು ಕೂಡ. ಕದ ಹಾಕಿಕೊಂಡ ಗುಂಪು ಅಂತ ಕಾನೂನು ಹೊರಗೆ ನಿಂತಿರಲ್ಲ. ಗುಟ್ಟೂ ಅಷ್ಟೇನಿಲ್ಲ. ಯಾರು ಏನು ಇಳಿಸಿದರು ಅನ್ನೋ ಲೆಕ್ಕ ಇಡುವುದೇ ಅಲ್ಲಿನ ಪದ್ಧತಿ. ಲಿನಕ್ಸ್ ಅನ್ನೋ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಹಂಚೋರು ಟೊರೆಂಟ್ ಬಳಸುತ್ತಾರೆ, ಹಳೆಯ ಪುಸ್ತಕ, ಧ್ವನಿ ಕಾಪಾಡಿಡುವ ಇಂಟರ್‌ನೆಟ್ ಆರ್ಕೈವ್ 2012ರಿಂದ ಬಳಸುತ್ತಿದೆ. ಟೊರೆಂಟಿನದ್ದೇನೂ ತಪ್ಪಿಲ್ಲ. ನಾವು ಹಂಚೋದು ಯಾರದ್ದು ಅನ್ನೋದೇ ಪ್ರಶ್ನೆ.

ಅಕ್ಕ ವಾದ ಮಾಡಲಿಲ್ಲ. 'ಸರಿ ಅಂತ ನಾನು ಹೇಳಲ್ಲ' ಅಂದಳು. 'ಅಂಗಡಿಯಲ್ಲಿ ಸಿಗೋದನ್ನ ದುಡ್ಡು ಕೊಟ್ಟೇ ತಗೋತೀನಿ. ಎಲ್ಲೂ ಸಿಗದೇ ಇರೋದಕ್ಕೆ ಮಾತ್ರ ಅಲ್ಲಿದ್ದೀನಿ. ನೀನು ಆ ಮಕ್ಕಳನ್ನ ಹುಡುಕು. ಸಿಕ್ಕರೆ ಮೊದಲು ಅವರನ್ನೇ ಕೇಳು.' ಇದು ನನಗೆ ಯಾಕೆ ಹೊಳೆಯಲಿಲ್ಲ? ಕ್ಯಾಸೆಟ್‌ನ ಒಳಗಿನ ಕಾಗದದಲ್ಲಿ ಹೆಸರಿದೆ. ಮೃದಂಗದವರ ಹೆಸರೂ ಇದೆ. ಅವರ ಮನೆಯಲ್ಲೇ ಒಂದು ಪ್ರತಿ ಇರಬಹುದು.

ಯಾರಾದರೂ ನನ್ನನ್ನು ಕೇಳಿದರೆ, ಹೊಸದನ್ನು ಬೇಗ ನೋಡಬೇಕು, ಪುಕ್ಕಟೆ ಸಿಗಬೇಕು ಅನ್ನೋರಿಗೆ ಇದು ಬೇಡವೇ ಬೇಡ ಅಂತೀನಿ. ಅಷ್ಟು ನಿಯಮ, ಅಷ್ಟು ಕಾಯೋದು, ರಾತ್ರಿ ಎದ್ದು ಅಂಕಿ ನೋಡೋದು, ಆ ಸಮಯಕ್ಕೆ ಬೆಲೆ ಇಲ್ವಾ? ಅಕ್ಕನ ಥರ ಕಾಪಾಡೋ ಮನಸ್ಸಿದ್ದವರಿಗೆ ಮಾತ್ರ ಆ ಕಷ್ಟ ಕಷ್ಟ ಅನ್ನಿಸಲ್ಲ. ನನಗೆ ಬೇಕಾಗಿರೋದು ಅರ್ಧ ಕ್ಯಾಸೆಟ್. ನಾನು ಕೊಡಬಲ್ಲದ್ದೂ ಅರ್ಧ ಕ್ಯಾಸೆಟ್. ಅದನ್ನೂ ಅವಳ ಗುಂಪಿನಲ್ಲಿ ತಗೊಳ್ಳಲ್ಲ, ಆಲ್ಬಂ ಪೂರ್ತಿ ಇರಬೇಕಂತೆ.

ಜೊತೆಗೆ ಅವಳ ಹೆಸರಿನ ಚಿಂತೆ. ಯಾರು ಯಾರನ್ನು ಕರೆತಂದರು ಅನ್ನೋದು ಅಲ್ಲಿ ಮರದ ಕೊಂಬೆಗಳ ಹಾಗೆ ದಾಖಲಾಗಿರುತ್ತದೆ. ನಾನು ಮತ್ತೆ ಕೆಂಪು ಅಂಕಿಗೆ ಬಿದ್ದರೆ ಕರೆತಂದವಳನ್ನೂ ಕೇಳುತ್ತಾರೆ. ಎಂಟು ವರ್ಷದ ಖಾತೆ ಅದು. ಆ ಒಂಟಿ ಆಲ್ಬಂ ಇರುವುದೂ ಅದೇ ಖಾತೆಯಲ್ಲಿ. 'ಅದರ ಯೋಚನೆ ನಿನಗೆ ಬೇಡ' ಅಂದಳು. ಅವಳು ಹಾಗೆ ಅಂದಾಗಲೇ ನನಗೆ ಯೋಚನೆ ಜಾಸ್ತಿ ಆಗೋದು.

ಈಗಷ್ಟೇ ರೂಟರ್ ಪುಟ ತೆರೆದು ನೋಡಿದೆ. ಲಿಂಕ್ ಒತ್ತುವ ಮೊದಲು ಇದೊಂದಾದರೂ ತಿಳಿಯಲಿ ಅಂತ. ಹೊರಗಿನ ವಿಳಾಸ 100.72 ಅಂತ ಶುರುವಾಗುತ್ತದೆ. 100.64ರಿಂದ 100.127ರವರೆಗಿನದ್ದೆಲ್ಲ ಹಂಚಿಕೊಂಡ ವಿಳಾಸಗಳಿಗೆ ಅಂತ ಮೀಸಲು. ಅಂದರೆ ಆರು ವರ್ಷದ ಹಿಂದಿನ ಅದೇ ಗೋಡೆ. ಕೆಳಗೆ ಐಪಿವಿ6 ಅನ್ನೋ ಹೊಸ ಬಗೆಯ ವಿಳಾಸವೂ ಕಾಣುತ್ತಿದೆ, ಇದು ಆಗ ಇರಲಿಲ್ಲ. ಇದಕ್ಕೆ ಹಂಚಿಕೆಯ ತೊಂದರೆ ಇಲ್ಲ. ಆದರೆ ಎದುರಿನವರಿಗೂ ಇರಬೇಕು, ಅಕ್ಕನ ಟ್ರ್ಯಾಕರ್ ಕೂಡ ಒಪ್ಪಬೇಕು. ಅವಳು ಮಲಗಿರುತ್ತಾಳೆ. ಬೆಳಿಗ್ಗೆ ಎದ್ದ ತಕ್ಷಣ ಕೇಳಬೇಕು. ಅದಕ್ಕಿಂತ ಮೊದಲು ಮೃದಂಗದವರ ಹೆಸರು ಒಮ್ಮೆ ಹುಡುಕಿ ನೋಡಬೇಕು.