ಕ್ವಿತ್‌ಸೆರ್ಕುರ್ ಮಾದರಿ: ಖಡ್ಗಮೃಗ ಕೊನೆಗೂ ಟ್ರೋಲ್ ಆಯಿತು

ಐಸ್‌ಲ್ಯಾಂಡಿನ ಜನಪದ ಕಥೆಗಳ ರಾಕ್ಷಸನಾದ ಟ್ರೋಲ್‌ನಂತೆ ಕಾಣಲೊಲ್ಲದೆ ಐದು ವಾರಗಳಿಂದ ಹಟ ಹಿಡಿದು ಕುಳಿತಿದ್ದ ನನ್ನ ಮಾದರಿ ಬಂಡೆ ನಿನ್ನೆ ರಾತ್ರಿ ದಾರಿಗೆ ಬಂದಿತು. ಫೋಮ್ ಕೊರೆಯುವುದು, ಪ್ಲಾಸ್ಟರ್ ಮೆತ್ತುವುದು, ಪ್ರೈಮರ್ ಹೊಡೆಯುವುದು ನೀವೆಲ್ಲ ಬಲ್ಲ ಕ್ರಮದಲ್ಲೇ ನಡೆದವು. ಅವನ್ನು ಬಿಟ್ಟು ನೇರವಾಗಿ ಸಮಸ್ಯೆಗೆ ಬರುತ್ತೇನೆ.

ಉತ್ತರ ಐಸ್‌ಲ್ಯಾಂಡಿನ ವಾತ್ನ್ಸ್‌ನೆಸ್ ಪರ್ಯಾಯದ್ವೀಪದ ಪೂರ್ವ ದಂಡೆಯ ನೀರಿನಲ್ಲಿ ನಿಂತಿರುವ, ಸುಮಾರು 15 ಮೀಟರ್ ಎತ್ತರದ ಬಸಾಲ್ಟ್ ಬಂಡೆಯೇ ಕ್ವಿತ್‌ಸೆರ್ಕುರ್. 1:72 ಅಳತೆಯಲ್ಲಿ ಅದು 21 ಸೆಂಟಿಮೀಟರ್. ಕೊಲ್ಲಿಯಾಚೆಯ ಸ್ತ್ರಾಂದಿರ್ ಸೀಮೆಯ ಟ್ರೋಲ್ ಒಂದು ಥಿಂಗೇಯ್ರಾರ್ ಕ್ರೈಸ್ತ ಮಠದ ಗಂಟೆಗಳ ಸದ್ದನ್ನು ಸಹಿಸಲಾರದೆ ಅವನ್ನು ಕಿತ್ತೆಸೆಯಲು ಹೊರಟಿತೆಂದೂ, ಅಷ್ಟರಲ್ಲಿ ಬೆಳಗಾಗಿ ಕಲ್ಲಾಯಿತೆಂದೂ ಅಲ್ಲಿನ ಜನ ಹೇಳುತ್ತಾರೆ. ರಾತ್ರಿ ತಿರುಗುವ ಟ್ರೋಲ್‌ಗಳು ಹಗಲಿನ ಬೆಳಕು ತಾಗಿದೊಡನೆ ಕಲ್ಲಾಗುತ್ತವೆ ಎಂಬುದು ಆ ನಾಡಿನ ಹಳೆಯ ನಂಬಿಕೆ. ದಕ್ಷಿಣ ತೀರದ ರೇನಿಸ್‌ದ್ರಾಂಗಾರ್ ಶಿಲೆಗಳು ಮೂರು ಪಟಸ್ತಂಭಗಳ ಹಡಗನ್ನು ದಡಕ್ಕೆ ಎಳೆಯುತ್ತಿದ್ದ ಟ್ರೋಲ್‌ಗಳೆಂಬ ಕಥೆಯೂ ಇದೇ ಬಗೆಯದು.

ತೊಂದರೆ ಏನೆಂದರೆ, ಬುಡದಲ್ಲಿ ಎರಡು ಕಂಡಿಗಳಿರುವ ಈ ಬಂಡೆ ನೀರು ಕುಡಿಯಲು ತಲೆ ತಗ್ಗಿಸಿದ ಪ್ರಾಣಿಯಂತೆ ಕಾಣುತ್ತದೆ. ಮನೆಗೆ ಬಂದವರೆಲ್ಲ “ಖಡ್ಗಮೃಗ ಚೆನ್ನಾಗಿದೆ” ಎಂದು ಹೊಗಳಿ ಹೋದರು. ಮೊದಲ ಪ್ರತಿಯಲ್ಲಿ ಕಣ್ಣು ಮೂಗು ಕೊರೆದೆ. ಅದು ಜಾತ್ರೆಯ ಗೊಂಬೆಯಾಯಿತು. ಎರಡನೆಯದರಲ್ಲಿ ಭುಜ ಉಬ್ಬಿಸಿದೆ; ಅದು ಕ್ವಿತ್‌ಸೆರ್ಕುರ್ ಆಗಿ ಉಳಿಯಲಿಲ್ಲ. ಮೂರನೆಯದನ್ನು ಛಾಯಾಚಿತ್ರಗಳಿಗೆ ನಿಷ್ಠವಾಗಿ ಕೊರೆದೆನಾದರೂ, ಸಾಗಿಸುವಾಗ ಅದರ ತೆಳುವಾದ ಕಾಲೊಂದು ಮುರಿಯಿತು. ನಿಜವಾದ ಬಂಡೆ ಬೀಳದಿರಲೆಂದು ಅದರ ಬುಡಕ್ಕೂ ಕಾಂಕ್ರೀಟ್ ತುಂಬಿ ಬಲಪಡಿಸಿದ್ದಾರೆ. ನಾನು ತಾಮ್ರದ ತಂತಿ ತೂರಿಸಿ ಎಪಾಕ್ಸಿ ಪುಟ್ಟಿ ಮೆತ್ತಿದೆ.

ಇದರ ನಡುವೆ ಸರಬರಾಜುದಾರರೊಬ್ಬರು ಜ್ವಾಲಾಮುಖಿಯ ಕಪ್ಪು ಮರಳೆಂದು ಕಳುಹಿಸಿದ್ದು ಬಣ್ಣ ಹಾಕಿದ ಸಾಧಾರಣ ಮರಳು. ಸಮುದ್ರಕ್ಕೆಂದು ಅದರ ಮೇಲೆ ರೆಸಿನ್ (ಗಟ್ಟಿಯಾಗುವ ಪಾರದರ್ಶಕ ದ್ರವ) ಸುರಿದ ಒಂದು ಗಂಟೆಯಲ್ಲಿ ಬಣ್ಣ ಬಿಟ್ಟು ಸಮುದ್ರವೆಲ್ಲ ನೇರಳೆಯಾಯಿತು. ಎರಡು ಕಿಲೋ ರೆಸಿನ್ ದಂಡವಾದ ಕೋಪ ಇನ್ನೂ ಇಳಿದಿಲ್ಲ. ಮರಳನ್ನು ಮೊದಲು ನೀರಿನಲ್ಲಿ ಒಂದು ದಿನ ನೆನೆಸಿ ನೋಡಿರಿ.

ಖಡ್ಗಮೃಗದ ತೊಡಕನ್ನು ಬಿಡಿಸಿಕೊಂಡದ್ದು ಹೀಗೆ. ನಾವು ಮಾದರಿಗಳನ್ನು ಮೇಲಿನಿಂದ ನೋಡುತ್ತೇವೆ, ಕಥೆ ಕಟ್ಟಿದವರು ಈ ಬಂಡೆಯನ್ನು ದಂಡೆಯಿಂದ ನೋಡಿದವರು. ದಂಡೆ ಪಶ್ಚಿಮಕ್ಕಿದೆ, ಅಂದರೆ ಬೆಳಗಿನ ಹೊತ್ತು ಅಲ್ಲಿ ನಿಂತವನಿಗೆ ಬೆಳಕು ಬರುವುದು ಬಂಡೆಯ ಹಿಂದಿನಿಂದ. ನಿನ್ನೆ ಕೋಣೆ ಕತ್ತಲು ಮಾಡಿ, ಬಂಡೆಯ ಹಿಂದೆ ನೀರಿನ ಮಟ್ಟದಲ್ಲಿ ಹಳದಿ ದೀಪವಿಟ್ಟು, ದಂಡೆಯ ಮೇಲೆ 2.3 ಸೆಂಟಿಮೀಟರಿನ ಮನುಷ್ಯನನ್ನು ನಿಲ್ಲಿಸಿ, ಅವನ ತಲೆಯ ಮಟ್ಟಕ್ಕೆ ನನ್ನ ಕಣ್ಣನ್ನು ತಂದೆ. ಕಂಡಿಗಳೊಳಗಿಂದ ಬೆಳಕು ನುಗ್ಗಿ ಕಾಲುಗಳು ಬೇರೆಬೇರೆಯಾದವು, ಮೈ ಕರಿಯ ಮುದ್ದೆಯಾಗಿ ಮೇಲೆ ಬಾಗಿತು. ಮುಖದ ಅಗತ್ಯವೇ ಇರಲಿಲ್ಲ. ಸೂರ್ಯ ಹಿಡಿದು ನಿಲ್ಲಿಸಿದ ಜೀವವೊಂದು ಅಲ್ಲಿತ್ತು, ನನಗೆ ನಿಜವಾಗಿಯೂ ಮೈ ಜುಮ್ಮೆಂದಿತು.

ಹಾಗಾಗಿ ಮಾದರಿಯನ್ನು ಕಣ್ಣೆತ್ತರದ ಪೀಠಕ್ಕೇರಿಸಿ, ಮೂರು ಬದಿ ಮುಚ್ಚಿ, ಮುಂದೆ ಒಂದು ಕಿಂಡಿ ಮಾತ್ರ ಬಿಡುತ್ತೇನೆ. ಹೆಸರಿಗೆ “ಬಿಳಿ ಅಂಗಿ” ಎಂಬ ಅರ್ಥ ತಂದುಕೊಟ್ಟ ಹಕ್ಕಿಗಳ ಹಿಕ್ಕೆಯನ್ನು ಇನ್ನೂ ಬಳಿಯಬೇಕಿದೆ. ಒಣ ಕುಂಚದಲ್ಲಿ ಎಳೆದರೆ ಹಿಮದಂತಾಗುತ್ತದೆ, ಆದ್ದರಿಂದ ತೆಳುವಾಗಿ ಕಲಸಿದ ಬಣ್ಣವನ್ನು ಮೇಲಿನಿಂದ ಹನಿಹನಿಯಾಗಿ ಇಳಿಬಿಡುವ ಯೋಚನೆಯಿದೆ.

ಆಮೇಲಿನ ಮಾದರಿ ಐಸ್‌ಲ್ಯಾಂಡಿನದೇ ಕೋಪವೋಗುರ್ ಪಟ್ಟಣದ ಆಲ್ಫ್‌ಹೋಲ್ ದಿಬ್ಬ. ಅಲ್ಲಿ ಹುಲ್ದುಫೋಲ್ಕ್ ಎಂಬ ಅಡಗಿದ ಜನ ವಾಸಿಸುತ್ತಾರೆಂಬ ನಂಬಿಕೆಯಿದ್ದು, ರಸ್ತೆ ದಿಬ್ಬದ ಬಳಿ ಕಿರಿದಾಗಿ ಸಾಗುತ್ತದೆ. ಅದರಲ್ಲಿ ಒಂದೂ ಗೊಂಬೆ ಇಡುವುದಿಲ್ಲ. ಡಾಂಬರಿನ ಅಂಚು ಸರಿಯಾಗಿ ಬಂದರೆ ಸಾಕು.